ಕೆರೆ ನೋಡುವ ಚೆನ್ನಬಸಪ್ಪನವರು

ಮಳೆಯ ಸುಳಿವೇ ಇಲ್ಲದ ಬೇಸಿಗೆಯ ಭಾನುವಾರಗಳಲ್ಲೂ ಮೊಣಕಾಲಿನವರೆಗೆ ಕಪ್ಪು ಗಂಬೂಟು ಹಾಕಿಕೊಂಡು ರಾಜಾಜಿನಗರದಲ್ಲಿ ಓಡಾಡುತ್ತಿದ್ದ ಮನುಷ್ಯ ಒಬ್ಬರೇ, ನಮ್ಮ ಚೆನ್ನಬಸಪ್ಪನವರು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ದುರ್ಬೀನು, ಹೆಗಲಿಗೆ ಫ್ಲಾಸ್ಕು, ಕಾಲಿಗೆ ಈ ಬೂಟು. ಹೊತ್ತೇರಿದ ಮೇಲೆ ಮಾಗಡಿ ರಸ್ತೆಯ ಬಸ್ಸಿಳಿದು ಅವರು ದಬ್ ದಬ್ ಎಂದು ನಡೆದು ಬರುತ್ತಿದ್ದರೆ ಅಂಗಡಿ ಮುಂದೆ ನಿಂತವರು ತಲೆಯೆತ್ತಿ ಆಕಾಶ ನೋಡುತ್ತಿದ್ದರು. ‘ಏನ್ ಸಾರ್, ಇವತ್ತು ಮಳೆ ಗ್ಯಾರಂಟೀನಾ?’ ಎಂದು ಯಾರಾದರೂ ಕೇಳದ ಭಾನುವಾರವಿರಲಿಲ್ಲ. ಅವರಿಗೆ ಕೋಪ ಬರುತ್ತಿರಲಿಲ್ಲ. ‘ಕೆರೆಗೆ ಹೋಗೋರು ಕೆರೆಗೆ ಹೋಗೋ ಹಾಗೇ ಹೋಗ್ಬೇಕು ಕಣ್ರೀ. ಅಲ್ಲಿ ಮಕ್ಕಳೂ ಇದನ್ನ ಹಾಕ್ಕೊಂಡೇ ಬರ್ತಾರೆ’ ಎನ್ನುತ್ತಿದ್ದರು.

‘ಅಲ್ಲಿ’ ಎಂದರೆ ಇಂಗ್ಲೆಂಡು. ಆ ದೇಶದ ಹೆಸರನ್ನು ಅವರು ಬಾಯಿಬಿಟ್ಟು ಹೇಳಿದ್ದು ಕಡಿಮೆ. ಕೈಗಾರಿಕಾ ವಲಯದ ಒಂದು ಕಾರ್ಖಾನೆಯಲ್ಲಿ ಅವರು ಫೋರ್‌ಮನ್. ಹೊಸ ಯಂತ್ರವೊಂದನ್ನು ಕಲಿತು ಬರಲಿ ಎಂದು ಕಾರ್ಖಾನೆಯವರು ಅವರನ್ನು ಒಂದು ವರ್ಷ ಅಲ್ಲಿಗೆ ಕಳಿಸಿದ್ದರು. ನಾವು ಅವರ ಮನೆಯ ಪಕ್ಕದ ಪೋರ್ಷನ್ನಿಗೆ ಬಾಡಿಗೆಗೆ ಬರುವ ಹೊತ್ತಿಗೆ ಅವರು ಹಿಂತಿರುಗಿ ಸ್ವಲ್ಪ ಕಾಲವಾಗಿತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಫಾರಿನ್ನಿಗೆ ಹೋಗಿ ಬಂದವರು ಎಂದರೆ ಟೇಪ್ ರೆಕಾರ್ಡರು, ನೈಲಾನ್ ಸೀರೆ, ಸೆಂಟಿನ ಬಾಟಲಿ ಎಂದು ನಾವು ತಿಳಿದಿದ್ದ ಕಾಲ. ಈ ಮಹರಾಯರು ತಂದಿದ್ದು ಒಂದು ಜೊತೆ ರಬ್ಬರ್ ಬೂಟು, ಒಂದು ಹಳೆಯ ದುರ್ಬೀನು ಮತ್ತು ಭಾನುವಾರ ಬಂದರೆ ಕೆರೆ ನೋಡಬೇಕೆಂಬ ಹುಚ್ಚು.

ಅದನ್ನು ಅವರಿಗೆ ಹತ್ತಿಸಿದವರು ಅವರು ಬಾಡಿಗೆಗಿದ್ದ ಮನೆಯ ಯಜಮಾನರಂತೆ. ರೈಲ್ವೆಯಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದ ಮುದುಕರು. ಮಾತು ಕಡಿಮೆ. ಮಾಂಸ ತಿನ್ನದ ಈ ಬಾಡಿಗೆದಾರನಿಗೆ ಯಜಮಾನಿ ಸೌತೆಕಾಯಿ ಇಟ್ಟ ಬ್ರೆಡ್ಡು ಕಟ್ಟಿಕೊಡುತ್ತಿದ್ದರು, ಯಜಮಾನರು ತಮ್ಮ ಪುಟ್ಟ ಕಾರಿನಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದರು. ಒಂದು ವಾರ ಬೆಟ್ಟದ ನಡುವಿನ ಕೆರೆ, ಇನ್ನೊಂದು ವಾರ ಹಕ್ಕಿಗಳಿಗೆಂದೇ ಬಿಟ್ಟುಕೊಟ್ಟ ಜವುಗು ನೆಲ. ದಾರಿಯಲ್ಲಿ ಸಿಕ್ಕುವ ಪ್ರತಿಯೊಂದು ಮರದ ಗೇಟನ್ನೂ ತೆಗೆದವರೇ ಮುಚ್ಚಬೇಕು. ಜಿಟಿಜಿಟಿ ಮಳೆ. ನೀರಿನ ಅಂಚಿನಲ್ಲಿ ಹಲಗೆಯ ಒಂದು ಪುಟ್ಟ ಗೂಡು; ಅದರ ಗೋಡೆಯಲ್ಲಿ ಕಣ್ಣಿನ ಮಟ್ಟಕ್ಕೆ ಉದ್ದಕ್ಕೆ ಸೀಳಿದ ಕಿಂಡಿ, ಎದುರಿಗೆ ಬೆಂಚು. ಬಂದವರು ಕೂತು ಕಿಂಡಿಯಲ್ಲಿ ನೀರು ನೋಡುತ್ತಾರೆ, ಹಕ್ಕಿ ನೋಡುತ್ತಾರೆ. ಗಂಟೆಗಟ್ಟಲೆ ಯಾರೂ ತುಟಿ ಬಿಚ್ಚುವುದಿಲ್ಲ.

‘ಜಲ್ಲಿ ತೆಗೆದು ಬಿಟ್ಟ ಹಳ್ಳ ಕಣಮ್ಮ ಕೋಮಲಾ! ಅದಕ್ಕೆ ನೀರು ತುಂಬ್ಸಿ, ಸುತ್ತ ಜೊಂಡು ಬೆಳ್ಸಿ, ಹಕ್ಕಿಗೆ ಅಂತ ಬರ್ಕೊಟ್ಟಿದಾರೆ. ನಾವಿಲ್ಲಿ ಇರೋ ಕೆರೆಗೆ ಮಣ್ಣು ತುಂಬ್ಸಿ ಸೈಟ್ ಮಾಡ್ತೀವಿ’ ಎಂದು ನನಗೆ ಹೇಳುವಾಗ ಅವರ ಕಣ್ಣು ಅಗಲವಾಗುತ್ತಿತ್ತು. ನಾಮದ ಕೋಳಿ ಅಲ್ಲೂ ಇದೆ ಎಂಬುದು ಅವರಿಗೆ ದೊಡ್ಡ ಸಂತೋಷ. ಮೈಯೆಲ್ಲ ಕಪ್ಪು, ಹಣೆಗೆ ಮಾತ್ರ ಬಿಳಿಯ ನಾಮ ಇರುವ ನೀರುಕೋಳಿ ಅದು. ‘ಸಮುದ್ರ ದಾಟಿದ್ರೂ ನಾಮ ಬಿಟ್ಟಿಲ್ಲ ನೋಡಿ’ ಎಂದು ನಮ್ಮಮ್ಮನಿಗೆ ಹೇಳಿದರೆ, ಅಯ್ಯಂಗಾರರ ಮನೆಯ ನಮ್ಮಮ್ಮ, ‘ಹಾಗಾದ್ರೆ ನಮ್ಮೋರ ಪೈಕೀನೇ. ನೀವು ಯಾಕಪ್ಪಾ ಅದರ ಹಿಂದೆ ಬಿದ್ದಿದೀರಿ, ವಿಭೂತಿ ಹಕ್ಕಿ ಹುಡುಕ್ಕೊಳ್ಳಿ’ ಎಂದು ಬಾಯಿ ಮುಚ್ಚಿಸಿದ್ದರು.

ಅವರ ಹೆಂಡತಿ ಗಿರಿಜಕ್ಕ ಮಾತ್ರ ಇಂಥ ಮಾತು ಬಂದಾಗಲೆಲ್ಲ ಒಳಗೆದ್ದು ಹೋಗುತ್ತಿದ್ದರು. ಕೆರೆ ಎಂಬ ಪದ ಕಿವಿಗೆ ಬಿದ್ದರೆ ಸಾಕು, ಒಲೆಯ ಮೇಲೆ ಏನಾದರೂ ಉಕ್ಕುತ್ತಿರುತ್ತಿತ್ತು. ಮೊದಮೊದಲು ನನಗೆ ಅರ್ಥವಾಗಲಿಲ್ಲ. ಕೊನೆಗೆ ಅಮ್ಮನೇ ಒಂದು ದಿನ ದನಿ ತಗ್ಗಿಸಿ ಹೇಳಿದರು.

ಚೆನ್ನಬಸಪ್ಪನವರು ಅಲ್ಲಿದ್ದಾಗ ಅವರ ಒಬ್ಬಳೇ ಮಗಳು ಇಲ್ಲಿ ಜ್ವರ ಬಂದು ತೀರಿಕೊಂಡಿದ್ದಳು. ನಾಲ್ಕು ವರ್ಷದ ಮಗು. ತಂತಿ ಕೊಟ್ಟಾಗ ಇವರು ಮನೆಯಲ್ಲಿರಲಿಲ್ಲ. ಮುದುಕರ ಜೊತೆ ದೂರದ ಯಾವುದೋ ಕೆರೆಗೆ ಹೋಗಿ ಎರಡು ದಿನ ಉಳಿದುಕೊಂಡಿದ್ದರು. ವಾಪಸು ಬಂದಾಗ ಮೇಜಿನ ಮೇಲೆ ತಂತಿ ಕಾದಿತ್ತು, ಇಲ್ಲಿ ಮಗುವನ್ನು ಮಣ್ಣು ಮಾಡಿ ಆಗಿತ್ತು. ಬರುವುದಕ್ಕೆ ವಿಮಾನದ ಖರ್ಚು ಕೊಡುವವರಿರಲಿಲ್ಲ, ಬಂದು ಮಾಡುವುದಕ್ಕೂ ಏನೂ ಉಳಿದಿರಲಿಲ್ಲ. ಉಳಿದ ತಿಂಗಳುಗಳನ್ನು ಅಲ್ಲೇ ಮುಗಿಸಿಕೊಂಡು ಬಂದರು. ಅಷ್ಟನ್ನೂ ಗಿರಿಜಕ್ಕ ಹೇಗೋ ನುಂಗಿಕೊಂಡಿದ್ದರಂತೆ. ನುಂಗಲಾಗದೇ ಹೋದದ್ದು ಇನ್ನೊಂದು. ಮಗು ಹೋದ ಮುಂದಿನ ಭಾನುವಾರವೂ, ಅದರ ಮುಂದಿನ ಭಾನುವಾರವೂ ಇವರು ಕೆರೆಗೆ ಹೋಗಿದ್ದರು. ಅದನ್ನು ಬಚ್ಚಿಡಲೂ ಇಲ್ಲ, ಕಾಗದದಲ್ಲಿ ಬರೆದೂ ಇದ್ದರು.

ಆ ಮನೆಯಲ್ಲಿ ಜಗಳವಿರಲಿಲ್ಲ. ರೊಟ್ಟಿ ಬಿಸಿಯಾಗಿ ತಟ್ಟೆಗೆ ಬೀಳುತ್ತಿತ್ತು, ಇಸ್ತ್ರಿ ಮಾಡಿದ ಅಂಗಿ ಹೊತ್ತಿಗೆ ಸರಿಯಾಗಿ ಸಿದ್ಧವಿರುತ್ತಿತ್ತು. ಆದರೆ ಮಗುವಿನ ಫೋಟೋ ಗೋಡೆಯ ಮೇಲಿರಲಿಲ್ಲ, ಮಗುವಿನ ಮಾತು ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಪ್ರತಿ ಭಾನುವಾರ ಇನ್ನೂ ಮಬ್ಬು ಇರುವಾಗಲೇ ಚೆನ್ನಬಸಪ್ಪನವರು ಬೂಟು ಹಾಕಿಕೊಂಡು ಹೊಸ್ತಿಲಲ್ಲಿ ನಿಂತು, ‘ಗಿರಿಜಾ, ಬರ್ತೀಯಾ?’ ಎಂದು ಕೇಳುತ್ತಿದ್ದರು. ಒಳಗಿನಿಂದ ‘ಇಲ್ಲ’ ಎಂಬ ಉತ್ತರ. ತಗೊಂಡು ಹೋಗಿ ಎಂಬಂತೆ ಫ್ಲಾಸ್ಕು ಮಾತ್ರ ಹೊರಗೆ ಬರುತ್ತಿತ್ತು. ಗೋಡೆಯ ಈಚೆ ಮಲಗಿರುತ್ತಿದ್ದ ನನಗೆ ಇದು ಪ್ರತಿ ವಾರವೂ ಕೇಳಿಸುತ್ತಿತ್ತು. ಒಂದು ಸಲವಾದರೂ ಆಕೆ ‘ಬರ್ತೀನಿ’ ಎನ್ನಬಾರದೇ ಎಂದು ನಾನು ಹಾಸಿಗೆಯಲ್ಲೇ ಕಾಯುತ್ತಿದ್ದೆ. ಅವರೂ ಅದನ್ನೇ ಕಾಯುತ್ತಿದ್ದರು ಎಂಬುದು ಕಿವುಡನಿಗೂ ತಿಳಿಯುವಂತಿತ್ತು.

ಅವರ ಕೆರೆ ಇದ್ದದ್ದು ಸುಂಕದಕಟ್ಟೆ ದಾಟಿದ ಮೇಲೆ, ರಸ್ತೆ ಬಿಟ್ಟು ಒಳಗೆ. ಆಗ ಆ ಕಡೆಯೆಲ್ಲ ರಾಗಿ ಹೊಲ, ಹುಲ್ಲುಗಾವಲು. ಕೆರೆಯ ಒಂದು ಮೂಲೆಯಲ್ಲಿ ಅವರು ಬಿದಿರು ತಟ್ಟಿ ನಿಲ್ಲಿಸಿ, ತೆಂಗಿನ ಗರಿ ಹೊದಿಸಿ, ಅಲ್ಲಿಯದರಂತೆಯೇ ಒಂದು ಗೂಡು ಕಟ್ಟಿದ್ದರು. ಅದಕ್ಕೆ ‘ಮರೆ’ ಎಂದು ಹೆಸರು. ಕಣ್ಣಿನ ಮಟ್ಟಕ್ಕೆ ತಟ್ಟಿ ಕೊರೆದ ಕಿಂಡಿ, ಕೂರಲು ಒಂದು ಹಲಗೆ.

ಒಂದು ಸಲ ನಮ್ಮ ಮನೆಯವರನ್ನೆಲ್ಲ ಕರೆದುಕೊಂಡು ಹೋದರು. ಕೆರೆಗೆ ಹೋಗುವುದು ಎಂದರೆ ನಮ್ಮಮ್ಮನ ಪಾಲಿಗೆ ಪುಳಿಯೋಗರೆ, ಮೊಸರನ್ನ, ಹಪ್ಪಳದ ಡಬ್ಬಿ, ಕೂರಲು ಜಮಖಾನ. ಮರೆಯೊಳಗೆ ಹೋಗುವ ಮುನ್ನ ಚೆನ್ನಬಸಪ್ಪನವರು ಬಹಳ ಸಂಕೋಚದಿಂದ, ‘ಒಳಗೆ ಮಾತಾಡಂಗಿಲ್ಲ. ತಿನ್ನಂಗೂ ಇಲ್ಲ. ಆಮೇಲೆ... ಬಳೆ ಸದ್ದಾದ್ರೆ ಹಕ್ಕಿ ಎದ್ದುಬಿಡುತ್ತೆ’ ಎಂದರು. ಅಮ್ಮ ಸೊಂಟದ ಮೇಲೆ ಕೈಯಿಟ್ಟರು. ‘ಏನಪ್ಪಾ, ನಿಮ್ಮ ಹಕ್ಕಿಗೋಸ್ಕರ ನಾನು ಬಳೆ ಬಿಚ್ಚಿಡಬೇಕಾ? ಇವರು ಇಲ್ಲೇ ಗುಂಡುಕಲ್ಲಿನ ಹಾಗೆ ನಿಂತಿದಾರೆ!’ ಅಪ್ಪ ಬೆಚ್ಚಿಬಿದ್ದರು. ಅಮ್ಮ ಏರಿಯ ಮೇಲೆ ಜಮಖಾನ ಹಾಸಿ ಪುಳಿಯೋಗರೆ ತೆಗೆದರು. ನಾನೊಬ್ಬಳು ಬಳೆಗಳನ್ನು ಮೊಣಕೈವರೆಗೆ ಏರಿಸಿಕೊಂಡು ಒಳಗೆ ಹೋದೆ.

ಹೋದವಳು ಸೋತುಹೋದೆ. ದಿನವಿಡೀ ‘ಹಲೋ, ನಂಬರ್ ಪ್ಲೀಸ್’ ಎಂದು ಒದರುವ ಕೆಲಸ ನನ್ನದು. ಅಲ್ಲಿ ಯಾರೂ ಏನೂ ಕೇಳುವುದಿಲ್ಲ. ಗುಳುಮುಳುಕ ಹಕ್ಕಿಯೊಂದು ಮುಳುಗಿ, ಅಲ್ಲೇ ಏಳುತ್ತದೆ ಎಂದು ನೋಡಿದರೆ ಇನ್ನೆಲ್ಲೋ ಏಳುತ್ತದೆ. ಬೆಳ್ಳಕ್ಕಿ ಒಂಟಿಕಾಲಿನಲ್ಲಿ ನಿಂತೇ ಇರುತ್ತದೆ. ಅಂದಿನಿಂದ ಡ್ಯೂಟಿ ಇಲ್ಲದ ಭಾನುವಾರಗಳಲ್ಲಿ ನಾನೂ ಅವರ ಜೊತೆ ಹೊರಡತೊಡಗಿದೆ. ಮರೆಯಲ್ಲಿ ಕೂತಾಗ ಅವರು ಒಮ್ಮೆಯೂ ನನ್ನ ಕಡೆ ತಿರುಗುತ್ತಿರಲಿಲ್ಲ. ಹಕ್ಕಿಯ ಮೇಲೆ ಅಷ್ಟು ಧ್ಯಾನ ಎಂದುಕೊಂಡಿದ್ದೆ.

ಹೀಗೆ ಒಂದು ವರ್ಷ ಕಳೆದಿರಬೇಕು. ಒಂದು ದಿನ ಹೋಗಿ ನೋಡಿದರೆ ಮರೆಯ ಬಿದಿರ ಕಂಬಕ್ಕೆ ಅರಿಶಿನ ಕುಂಕುಮ. ಬುಡದಲ್ಲಿ ಅರ್ಧ ಕರ್ಪೂರ, ಎರಡು ಬಾಳೆಹಣ್ಣು. ಮುಂದಿನ ವಾರ ತೆಂಗಿನಕಾಯಿ ಹೋಳು, ಕಣಗಿಲೆ ಹಾರ. ಸುತ್ತಲಿನ ಹಳ್ಳಿಯವರು ತಮ್ಮ ಪಾಡಿಗೆ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ಯಾರೋ ಮೌನವ್ರತದ ಸ್ವಾಮಿ. ಹಣೆ ತುಂಬ ವಿಭೂತಿ, ಸೂರ್ಯ ಹುಟ್ಟುವ ಮೊದಲೇ ಬಂದು ತಟ್ಟಿಯ ಹಿಂದೆ ಕೂರುತ್ತಾರೆ, ನೀರು ನೋಡುತ್ತ ತಪಸ್ಸು ಮಾಡುತ್ತಾರೆ. ಮುಖ್ಯವಾಗಿ ಪಾದವನ್ನು ಭೂಮಿಗೆ ಸೋಕಿಸುವುದಿಲ್ಲ, ಅದಕ್ಕೇ ಆ ಉದ್ದನೆಯ ಬೂಟು! ಚೆನ್ನಬಸಪ್ಪನವರು ಗಾಬರಿಯಾಗಿ ಹಳ್ಳಿಗೆ ಹೋಗಿ, ‘ನಾನು ಸ್ವಾಮಿ ಅಲ್ಲಪ್ಪಾ, ಫ್ಯಾಕ್ಟ್ರೀಲಿ ಕೆಲಸ ಮಾಡೋನು’ ಎಂದು ಕೈಮುಗಿದು ಹೇಳಿ ಬಂದರು. ಅಲ್ಲಿನ ಹಿರಿಯರೊಬ್ಬರು ತಿರುಗಿ ಕೈಮುಗಿದು, ‘ದೊಡ್ಡೋರು ಯಾವತ್ತು ನಾನು ದೊಡ್ಡೋನು ಅಂದಾರು, ಬುದ್ಧೀ?’ ಎಂದರಂತೆ. ಮುಂದಿನ ವಾರ ಬಾಳೆಹಣ್ಣು ಒಂದು ಚಿಪ್ಪೇ ಇತ್ತು. ಬಸ್ಸಿನಲ್ಲಿ ಅದನ್ನು ತಿನ್ನುತ್ತ ನಾನು ನಕ್ಕು ನಕ್ಕು ಸುಸ್ತಾದೆ. ಅವರೂ ನಕ್ಕರು.

ಆ ನಗು ನಿಂತದ್ದು ಒಂದು ಆಷಾಢದ ಬೆಳಿಗ್ಗೆ. ಇಬ್ಬರೂ ಮರೆಯೊಳಗೆ ಕೂತಿದ್ದೆವು. ಹಿಂದಿನ ತಟ್ಟಿಯ ಆಚೆಯಿಂದ ಒಬ್ಬ ಹೆಂಗಸಿನ ದನಿ ಬಂತು.

‘ಸ್ವಾಮೀ, ಮಗೀಗೆ ಜರ ಬಿಡ್ತಿಲ್ಲ. ನೆನ್ನೆಯಿಂದ ಕಣ್ಣೇ ಬಿಟ್ಟಿಲ್ಲ. ಒಂದು ಚಿಟಿಕೆ ಇಬೂತಿ ಕೊಡ್ರಪ್ಪ.’

ನಾನು ಅವರ ಮುಖ ನೋಡಿದೆ. ಆ ಮುಖವನ್ನು ಮತ್ತೆ ನೋಡುವುದು ಬೇಡ. ಎದ್ದು ಹೊರಗೆ ಬಂದವರೇ ಆಕೆಯ ಕೈಯಿಂದ ಮಗುವನ್ನು ಕಿತ್ತುಕೊಂಡಂತೆ ಎತ್ತಿಕೊಂಡು ಏರಿಯ ಮೇಲೆ ಓಡತೊಡಗಿದರು. ಬೂಟಿನಲ್ಲಿ ಓಡಲಾಗುವುದಿಲ್ಲ. ಒಂದು ಕಡೆ ನಿಂತು ಕಾಲು ಒದರಿ ಅವೆರಡನ್ನೂ ಕಳಚಿ ಎಸೆದು, ಬರಿಗಾಲಿನಲ್ಲಿ ಮುಳ್ಳು ಕಲ್ಲು ನೋಡದೆ ಮಾಗಡಿ ರಸ್ತೆಯವರೆಗೂ ಓಡಿದರು. ಹಿಂದೆ ಆ ತಾಯಿ, ಅವಳ ಹಿಂದೆ ನಾನು. ಕಲ್ಲು ತುಂಬಿದ ಲಾರಿಗೆ ಅಡ್ಡ ನಿಂತು ನಿಲ್ಲಿಸಿದರು. ಆಸ್ಪತ್ರೆಯಲ್ಲಿ ಸಂಜೆಯವರೆಗೂ ಆ ಮಗುವಿನ ಮಂಚದ ಪಕ್ಕ ನಿಂತೇ ಇದ್ದರು, ಕೂರಲಿಲ್ಲ. ಮಗು ಕಣ್ಣು ಬಿಟ್ಟು ನೀರು ಕೇಳಿದ ಮೇಲೆ ನಾವು ಹೊರಟೆವು.

ಮನೆ ಸೇರಿದಾಗ ದೀಪ ಹಚ್ಚುವ ಹೊತ್ತು. ಅವರ ಅಂಗಾಲು ಒಡೆದು ರಕ್ತ ಹೆಪ್ಪುಗಟ್ಟಿತ್ತು. ಗಿರಿಜಕ್ಕ ಬಿಸಿನೀರು ತಂದಿಟ್ಟರು. ಆದದ್ದೆಲ್ಲವನ್ನೂ ನಾನೇ ಹೇಳಿದೆ.

‘ಮಗು ಉಳೀತಾ?’ ಎಂದರು ಗಿರಿಜಕ್ಕ.

‘ಉಳೀತು ಅಕ್ಕಾ.’

ಆಕೆ ಬಗ್ಗಿ ಗಂಡನ ಕಾಲು ನೋಡಿದರು. ‘ಯಾರದೋ ಮಗೂಗೆ ಬರಿಗಾಲಲ್ಲಿ ಓಡಿದೀರಿ’ ಎಂದರು. ಬೈಗುಳದ ದನಿಯಲ್ಲ ಅದು. ಬೈದಿದ್ದರೆ ವಾಸಿಯಿತ್ತು.

ಮುಂದಿನ ಭಾನುವಾರ ಗೋಡೆಯ ಆಚೆ ‘ಗಿರಿಜಾ, ಬರ್ತೀಯಾ?’ ಎಂಬ ದನಿ ಕೇಳಿಸಲಿಲ್ಲ. ಅವರು ಕೆರೆಗೆ ಹೋಗುವುದನ್ನು ನಿಲ್ಲಿಸಿಬಿಟ್ಟರು. ಯಾಕೆ ಸಾರ್ ಎಂದರೆ, ‘ಸಾಕು ಬಿಡಮ್ಮ’ ಎನ್ನುವರು. ಭಾನುವಾರವೆಲ್ಲ ಜಗಲಿಯ ಮೇಲೆ ಕೂತು ರಸ್ತೆ ನೋಡುತ್ತಿದ್ದರು. ಇಷ್ಟು ವರ್ಷ ಅವರು ಕೆರೆಗೆ ಹೋಗುವುದನ್ನು ಸಹಿಸದ ಗಿರಿಜಕ್ಕನಿಗೆ ಈಗ ಅವರು ಮನೆಯಲ್ಲಿ ಕೂತದ್ದನ್ನು ನೋಡಲಾಗುತ್ತಿರಲಿಲ್ಲ. ‘ಹೋಗಕ್ಕೆ ಹೇಳೇ ಕೋಮಲಾ, ನಾನ್ ಹೇಳಿದ್ರೆ ಚೆನ್ನಾಗಿರಲ್ಲ’ ಎಂದು ನನ್ನ ಹತ್ತಿರ ಹಿತ್ತಲಲ್ಲಿ ಅಂದರು. ನೀವೇ ಹೇಳಿ ಅಕ್ಕಾ ಎಂದು ನಾನು ಎಷ್ಟು ಗೋಗರೆದರೂ ಆಕೆಗೆ ಬಾಯಿ ಬರಲಿಲ್ಲ. ಸೆಟೆದುಕೊಂಡು ಬಹಳ ಕಾಲ ಕೂತವರಿಗೆ ಏಳುವುದು ಕಷ್ಟ. ನನಗಾಗ ಇಬ್ಬರ ಮೇಲೂ ಸಿಟ್ಟು ಬರುತ್ತಿತ್ತು.

ಆ ವರ್ಷವೇ ಅವರಿಗೆ ಕಾಮಾಲೆಯಾಯಿತು. ಮೊದಲು ನಾಟಿ ಔಷಧಿ, ಪಥ್ಯ ಎಂದು ದಿನ ಕಳೆದರು. ಆಸ್ಪತ್ರೆಗೆ ಸೇರಿಸುವ ಹೊತ್ತಿಗೆ ಕಣ್ಣು, ಉಗುರು ಎಲ್ಲ ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ನಾನು ಡ್ಯೂಟಿ ಮುಗಿಸಿಕೊಂಡು ದಿನವೂ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಗಿರಿಜಕ್ಕ ಅವರಿಗೆ ಎಳನೀರು ಕುಡಿಸುತ್ತಿದ್ದರು. ಕುಡಿಸುತ್ತಲೇ, ನಾನು ಇದ್ದೇನೆಂಬುದನ್ನೂ ಮರೆತು, ಕೇಳಿಬಿಟ್ಟರು.

‘ಮಗು ಹೋಗಿದ್ದು ಗೊತ್ತಾದ್ಮೇಲೂ ಕೆರೆಗೆ ಹೋದ್ರಲ್ಲ, ಹೆಂಗ್ರೀ ಮನಸ್ಸು ಬಂತು?’

ನಾನು ಎದ್ದು ಹೋಗಬೇಕಿತ್ತು. ಹೋಗಲಿಲ್ಲ.

ಚೆನ್ನಬಸಪ್ಪನವರು ಎಳನೀರಿನ ಲೋಟವನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿದರು. ‘ಮನೇಲಿ ಅಳಕ್ಕೆ ಆಗ್ತಿರ್ಲಿಲ್ಲ ಗಿರಿಜಾ’ ಎಂದರು. ‘ಅಲ್ಲಿ ಮನೆ ಯಜಮಾನಿ ಬಂದು ಬಂದು ಬಾಗಿಲು ತಟ್ಟೋರು, ಟೀ ತರೋರು. ಫ್ಯಾಕ್ಟ್ರೀಲಿ ಎಲ್ಲಾ ಮುಖ ನೋಡೋರು. ಆ ಗೂಡಲ್ಲಿ ಹಾಗಲ್ಲ. ಎಲ್ಲರ ಕಣ್ಣೂ ನೀರಿನ ಮೇಲೆ. ಪಕ್ಕದೋನ ಮುಖ ಯಾರೂ ನೋಡಲ್ಲ. ಎಷ್ಟು ಅತ್ರೂ ಯಾರಿಗೂ ಗೊತ್ತಾಗಲ್ಲ. ಅಳಕ್ಕೇ ಹೋಗ್ತಿದ್ದೆ.’ ಸ್ವಲ್ಪ ಉಸಿರು ತೆಗೆದುಕೊಂಡರು. ‘ಇಲ್ಲೂ ಅದಕ್ಕೇ ಕಟ್ಕೊಂಡೆ.’

ಒಂದು ವರ್ಷ ನಾನು ಅವರ ಪಕ್ಕದಲ್ಲಿ ಕೂತು ಗುಳುಮುಳುಕ ಎಣಿಸಿದ್ದೆ. ನನಗೂ ಗೊತ್ತಾಗಿರಲಿಲ್ಲ.

ಗಿರಿಜಕ್ಕ ಸೆರಗಿನಿಂದ ಅವರ ಬಾಯಿ ಒರೆಸಿದರು. ಆಮೇಲೆ ಅದೇ ಸೆರಗಿನಿಂದ ತಮ್ಮ ಕಣ್ಣು ಒರೆಸಿಕೊಂಡರು. ‘ಬೇಗ ಎದ್ದು ಬನ್ನಿ. ಬರೋ ಭಾನುವಾರ ನಾನೂ ಬರ್ತೀನಿ’ ಎಂದರು.

‘ಅಲ್ಲಿ ಮಾತಾಡಂಗಿಲ್ಲ’ ಎಂದರು ಇವರು.

‘ಇಷ್ಟು ವರ್ಷ ಬಾಯಿ ಬಿಡದೆ ಇದೀನಿ. ಇನ್ನೊಂದು ಗಂಟೆ ಇರಲ್ವಾ?’

ಅವರು ನಕ್ಕರು. ಆಕೆಯೂ ನಕ್ಕರು. ಅವರಿಬ್ಬರೂ ಒಟ್ಟಿಗೆ ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಂಕಟದಲ್ಲೂ ನನಗೆ ಹೊಟ್ಟೆ ತುಂಬಿದಂತಾಯಿತು. ಇನ್ನು ಇವರು ಉಳಿಯುತ್ತಾರೆ ಎಂದು ಯಾಕೋ ಗಟ್ಟಿಯಾಗಿ ಅನ್ನಿಸಿಬಿಟ್ಟಿತು.

ಉಳಿಯಲಿಲ್ಲ. ಶುಕ್ರವಾರ ಬೆಳಿಗ್ಗೆ ಎಚ್ಚರ ತಪ್ಪಿತು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿಯಿತು. ಅವರ ಪದ್ಧತಿಯಂತೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿದ್ದರು. ಕೂತೇ ಇದ್ದ ಆ ಮನುಷ್ಯನನ್ನು ನೋಡಿ ನಮ್ಮಮ್ಮ, ‘ಅಯ್ಯೋ, ಕೆರೆ ನೋಡೋ ಹಾಗೇ ಕೂತಿದಾರಲ್ಲೇ’ ಎಂದು ಬಿಕ್ಕಿದರು. ಶನಿವಾರ ಮಣ್ಣು ಮಾಡಿದರು.

ಭಾನುವಾರ ಬೆಳಗಿನ ಮಬ್ಬಿನಲ್ಲಿ ನಮ್ಮ ಬಾಗಿಲು ತಟ್ಟಿದವರು ಗಿರಿಜಕ್ಕ. ಹಿಂದೆಯೇ ಚೆನ್ನಬಸಪ್ಪನವರ ಅಕ್ಕ ಓಡಿ ಬಂದರು. ‘ಮಣ್ಣು ಮಾಡಿ ಒಂದು ದಿನ ಆಗಿಲ್ಲ. ಎಲ್ಲಿಗೆ ಹೊರಟೆ? ನೋಡಿದೋರು ಏನಂತಾರೆ?’

‘ನಮ್ಮಲ್ಲಿ ಸೂತಕ ಇಲ್ಲ ಅಂತ ನನಗೆ ಹೇಳ್ಕೊಟ್ಟಿದ್ದು ನೀವೇ ಅಲ್ವಾ ಅತ್ತಿಗೆ’ ಎಂದರು ಗಿರಿಜಕ್ಕ. ‘ಅವರಿಗೆ ಬರ್ತೀನಿ ಅಂದಿದೀನಿ.’ ನನ್ನ ಕಡೆ ತಿರುಗಿ, ‘ದಾರಿ ನಿನಗೆ ಗೊತ್ತಲ್ಲ, ನಡಿ’ ಎಂದರು.

ಬಸ್ಸಿಳಿದು ಏರಿಯ ಮೇಲೆ ನಡೆದೆವು. ಮರೆ ಅರ್ಧ ವಾಲಿಕೊಂಡಿತ್ತು, ಮೇಲಿನ ಗರಿ ಉದುರಿ ಆಕಾಶ ಕಾಣುತ್ತಿತ್ತು. ಹಲಗೆ ಮಾತ್ರ ಗಟ್ಟಿಯಾಗಿತ್ತು. ನಾನು ಗರಿ ಸರಿಸಿ ಜಾಗ ಮಾಡಿದೆ. ಗಿರಿಜಕ್ಕ ಕೂತು, ಕಿಂಡಿಯ ಮಟ್ಟಕ್ಕೆ ತಲೆ ಬಗ್ಗಿಸಿ ನೀರು ನೋಡತೊಡಗಿದರು. ನಾನೂ ನೀರನ್ನೇ ನೋಡಿದೆ. ಆಕೆಯ ಕಡೆ ತಿರುಗಬಾರದೆಂಬುದು ಈಗ ನನಗೆ ತಿಳಿದಿತ್ತು. ಪಕ್ಕದಲ್ಲಿ ಹಲಗೆ ಅಲುಗುತ್ತಿತ್ತು, ಸುಮಾರು ಹೊತ್ತು ಅಲುಗುತ್ತಲೇ ಇತ್ತು. ಬಿಸಿಲು ಏರಿತು. ಎಮ್ಮೆಗಳು ನೀರಿಗಿಳಿದವು.

ಕೊನೆಗೆ ಗಿರಿಜಕ್ಕ ನೀರಿನಿಂದ ಕಣ್ಣು ತೆಗೆಯದೆ, ಮಾಮೂಲಿ ದನಿಯಲ್ಲಿ, ‘ನಮ್ಮ ಉಮಾ ಆಗಿದ್ರೆ ಇಷ್ಟು ಹೊತ್ತು ಸುಮ್ನೆ ಕೂತಿರ್ತಿರ್ಲಿಲ್ಲ’ ಎಂದರು.

ಅಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದು, ಆ ಮಗುವಿನ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.